ಸೆರೆಶಿಬಿರದಲ್ಲಿ ದೇಶೀತಾಳ, ಮುತ್ತಿಗೆಯಲ್ಲಿ ಸಿಂಫನಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಯುದ್ಧ, ದಬ್ಬಾಳಿಕೆ, ದೇಶ ಬಿಟ್ಟು ಓಡುವ ಸ್ಥಿತಿ ಇವುಗಳ ನಡುವೆ ಹುಟ್ಟಿದ ಶಾಸ್ತ್ರೀಯ ಸಂಗೀತದ ಬಗ್ಗೆ ಈ ಸಲ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದವು. ಒಂದೇ ಬಗೆಯವನ್ನು ಕೂಡಿಸಿ ಆರಕ್ಕೆ ಇಳಿಸಿದ್ದೇವೆ.

ಪ್ರಶ್ನೆ: ಎರಡನೇ ಮಹಾಯುದ್ಧದ ಸೆರೆಶಿಬಿರದಲ್ಲಿ ಒಬ್ಬ ಫ್ರೆಂಚ್ ಸಂಗೀತಗಾರ ನಮ್ಮ ತಾಳಗಳನ್ನು ಬಳಸಿ ಕೃತಿ ರಚಿಸಿದನಂತೆ. ನಿಜವೇ? ನಿಜವಾದರೆ ಶಿಷ್ಯರಿಗೆ ಕೈಯಲ್ಲಿ ಹಾಕಿಸಿ ತೋರಿಸಲು ಆಗುತ್ತದೆಯೇ? (ಮೃದಂಗ ಶಿಕ್ಷಕರು, ಕೋಲಾರ)

ಉತ್ತರ: ನಿಜ. ಅವರ ಹೆಸರು ಒಲಿವಿಯೆ ಮೆಸಿಯಾನ್. 1940ರಲ್ಲಿ ಜರ್ಮನ್ ಸೈನ್ಯದ ಕೈಗೆ ಸಿಕ್ಕಿಬಿದ್ದು ಗ್ಯೋರ್ಲಿಟ್ಸ್ ಊರಿನ ಪಕ್ಕದ ‘ಸ್ಟಾಲಾಗ್ 8ಎ’ ಎಂಬ ಶಿಬಿರ ಸೇರಿದರು. ಅಲ್ಲಿ ಬರೆದ ‘ಕಾಲಾಂತ್ಯಕ್ಕಾಗಿ ಚತುಷ್ಕ’ ಎಂಬ ಎಂಟು ಭಾಗಗಳ ಕೃತಿಯನ್ನು 1941ರ ಜನವರಿ 15ರಂದು ಶಿಬಿರದ ಒಂದು ಬ್ಯಾರಕ್‌ನಲ್ಲಿಯೇ ನುಡಿಸಲಾಯಿತು. ಕ್ಲಾರಿನೆಟ್, ಪಿಟೀಲು, ಚೆಲ್ಲೊ, ಪಿಯಾನೊ ಎಂಬ ಈ ಜೋಡಣೆ ಆಗಿನ ಕಾಲಕ್ಕೆ ಅಪರೂಪ. ಇದು ಕಲಾವಿದನ ಮನಸ್ಸಿನ ಲಹರಿಯಿಂದ ಬಂದದ್ದಲ್ಲ. ಆ ಮೂರು ವಾದ್ಯಗಳನ್ನು ನುಡಿಸುವ ವೃತ್ತಿಪರರು ಅದೇ ಶಿಬಿರದಲ್ಲಿ ಸೆರೆಯಲ್ಲಿದ್ದರು, ಪಿಯಾನೊಗೆ ತಾವೇ ಕುಳಿತರು. ಇಂಥ ಕೃತಿಗಳನ್ನು ಕೇಳುವಾಗ ಕಥೆಗಿಂತ ಮೊದಲು ‘ಅವರ ಕೈಯಲ್ಲಿ ಏನಿತ್ತು’ ಎಂದು ಕೇಳಿಕೊಂಡರೆ ಅರ್ಧ ಕೃತಿ ಬಿಚ್ಚಿಕೊಳ್ಳುತ್ತದೆ.

ಇನ್ನು ತಾಳ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ 120 ದೇಶೀತಾಳಗಳನ್ನು ಪಟ್ಟಿ ಮಾಡುತ್ತದೆ. ಫ್ರೆಂಚ್ ವಿಶ್ವಕೋಶವೊಂದರಲ್ಲಿ ಅಚ್ಚಾಗಿದ್ದ ಆ ಪಟ್ಟಿ ಮೆಸಿಯಾನ್ ಕಣ್ಣಿಗೆ ಬಿದ್ದಿತ್ತು. ಚತುಷ್ಕದ ಮೊದಲ ಭಾಗದಲ್ಲಿ ಪಿಯಾನೊ ಹಿಡಿಯುವ ಲಯ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರರಿಂದ ಕಟ್ಟಿದ್ದು. ಇವು ಇಂದಿನ ಸುಳಾದಿ ಸಪ್ತತಾಳಗಳ ಪಾಠದಲ್ಲಿ ಇಲ್ಲ. ಹಾಗಾಗಿ ಶಿಷ್ಯರು ಹೆಸರೇ ಕೇಳಿಲ್ಲ ಎಂದರೆ ನಿಮ್ಮ ಪಾಠದ ಕೊರತೆ ಅಲ್ಲ.

ಕಟ್ಟಿದ ರೀತಿಯೇ ಇಲ್ಲಿನ ಸ್ವಾರಸ್ಯ. ಲಯದಲ್ಲಿ 17 ಅವಧಿಗಳು, ಅದರ ಮೇಲೆ ಕೂರುವ ಸ್ವರಗುಚ್ಛಗಳು 29. ಎರಡೂ ಬೇರೆ ಬೇರೆಯಾಗಿ ಸುತ್ತುತ್ತವೆ. 17ಕ್ಕೂ 29ಕ್ಕೂ ಸಾಮಾನ್ಯ ಅಪವರ್ತನ ಇಲ್ಲದ್ದರಿಂದ ಎರಡೂ ಒಟ್ಟಿಗೆ ಆರಂಭಕ್ಕೆ ಬರಬೇಕಾದರೆ 493 ಅವಧಿಗಳು ಕಳೆಯಬೇಕು. ಅದಕ್ಕೆ ಬಹಳ ಮುಂಚೆಯೇ ಸಂಗೀತ ನಿಂತುಹೋಗುತ್ತದೆ. ನಮ್ಮ ಮಾತಲ್ಲಿ ಹೇಳುವುದಾದರೆ ‘ಸಮ’ ಬರುವುದೇ ಇಲ್ಲ. ಕಾಲದ ಅಂತ್ಯ ಎಂಬ ಹೆಸರಿಗೆ ಬೈಬಲ್ಲಿನ ಹಿನ್ನೆಲೆ ಇದ್ದರೂ ಲಯದೊಳಗೆ ನಡೆಯುವುದು ಇದು.

ಪಾಠಕ್ಕೆ ಚಿಕ್ಕ ಅಳತೆಯಲ್ಲಿ ಮಾಡಿ. 2-1-3-1-2 ಎಂಬ ಐದು ಅವಧಿಗಳನ್ನು ತೆಗೆದುಕೊಳ್ಳಿ, ಒಟ್ಟು 9 ಅಕ್ಷರ. ಹಿಂದಿನಿಂದ ಓದಿದರೂ ಇದು ಅದೇ. ತಿರುಗಿಸಲಾಗದ ಇಂಥ ಲಯಗಳು ಮೆಸಿಯಾನ್‌ಗೆ ಬಲು ಪ್ರಿಯ. ಮೃದಂಗ ಯತಿ, ಡಮರು ಯತಿ ಬಲ್ಲವರಿಗೆ ಇದು ತೀರಾ ಹೊಸದಲ್ಲ, ಆದರೆ ಇಲ್ಲಿ ಅಳತೆ ಕ್ರಮವಾಗಿ ಏರಿ ಇಳಿಯಲೇಬೇಕೆಂಬ ನಿಯಮವಿಲ್ಲ. ಇದರ ಮೇಲೆ ಸ ರಿ ಗ ಮ ಪ ದ ನಿ ಏಳು ಸ್ವರಗಳನ್ನು ಸುತ್ತಿಸಿ. ಮೊದಲ ಸುತ್ತಿನಲ್ಲಿ ಸ (2) ರಿ (1) ಗ (3) ಮ (1) ಪ (2), ಎರಡನೆಯದರಲ್ಲಿ ದ (2) ನಿ (1) ಸ (3) ರಿ (1) ಗ (2), ಹೀಗೆ. ಸುತ್ತುಗಳ ಮೊದಲ ಸ್ವರ ಅನುಕ್ರಮವಾಗಿ ಸ, ದ, ಮ, ರಿ, ನಿ, ಪ, ಗ ಬರಬೇಕು. ಎಂಟನೆಯ ಸುತ್ತು ಮತ್ತೆ ‘ಸ’ದಿಂದ ಶುರುವಾದರೆ ಲೆಕ್ಕ ಸರಿ. ಒಟ್ಟು 35 ಸ್ವರ, 63 ಅಕ್ಷರ. ನಿಮಿಷಕ್ಕೆ 80 ಅಕ್ಷರದ ನಡೆಯಲ್ಲಿ ಮುಕ್ಕಾಲು ನಿಮಿಷದ ಕೆಲಸ.

ತಪ್ಪುವುದು ಎರಡು ಕಡೆ. ಒಂಬತ್ತು ಅಕ್ಷರ ಕಂಡ ಕೂಡಲೇ ಮಕ್ಕಳ ಬಾಯಲ್ಲಿ ಅದು 4+5ರ ಸಂಕೀರ್ಣ ಚಾಪು ಆಗಿಬಿಡುತ್ತದೆ, 3ರ ಅವಧಿ ಒಡೆದುಹೋಗುತ್ತದೆ. ಇನ್ನೊಂದು, ‘ಸ’ ಎಲ್ಲಿ ಬಂದರೂ ಅಲ್ಲಿ ಒತ್ತು ಹಾಕುವ ಚಾಳಿ. ಅದಕ್ಕೇ ತಾಳಕ್ರಿಯೆ ಬೇಡ. ಒಂದು ಗುಂಪು ಅವಧಿಗಳನ್ನು ಮಾತ್ರ ಹಲಗೆಯ ಮೇಲೆ ಕುಟ್ಟಲಿ, ಇನ್ನೊಂದು ಗುಂಪು ಸ್ವರ ಹೇಳಲಿ. ಮೃದಂಗ ಆ ಹೊತ್ತಿಗೆ ಕೆಳಗಿರಲಿ. ಕೈಗೆ ಬಂದರೆ ತೀರ್ಮಾನ (ಮುಕ್ತಾಯದ ಜತಿ) ಹಾಕದೆ ಬಿಡುವ ಮೃದಂಗಿಯನ್ನು ನಾವಂತೂ ಕಂಡಿಲ್ಲ.

ಕೊನೆಗೊಂದು ಎಚ್ಚರಿಕೆ. ಐದು ಸಾವಿರ ಸೆರೆಯಾಳುಗಳು ಕೇಳಿದರು, ಚೆಲ್ಲೊಗೆ ಮೂರೇ ತಂತಿ ಇತ್ತು ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದನ್ನು ಹೇಳಿದ್ದು ಸ್ವತಃ ಮೆಸಿಯಾನ್. ಆದರೆ ಅಂದು ಚೆಲ್ಲೊ ನುಡಿಸಿದ ಎತಿಯೆನ್ ಪಾಸ್ಕಿಯೆ ತಮ್ಮ ವಾದ್ಯಕ್ಕೆ ನಾಲ್ಕೂ ತಂತಿ ಇದ್ದವು, ಜನ ಕೆಲವು ನೂರು ಎಂದಿದ್ದಾರೆ. ಆ ಬ್ಯಾರಕ್ಕಿಗೆ ಐದು ಸಾವಿರ ಮಂದಿ ಹಿಡಿಸುವ ಮಾತೂ ಅಲ್ಲ.

ಪ್ರಶ್ನೆ: ಸೋವಿಯತ್ ಸಂಗೀತಗಾರ ಶೊಸ್ತಕೋವಿಚ್ ತಮ್ಮ ಹೆಸರನ್ನೇ ಸ್ವರವಾಗಿ ಬರೆದಿದ್ದಾರೆ ಎನ್ನುತ್ತಾರೆ. ಕರ್ನಾಟಕ ಪಿಟೀಲು ಕಲಿಯುವ ನನಗೆ ಅದನ್ನು ಗುರುತಿಸುವುದು ಹೇಗೆ? (ವಿದ್ಯಾರ್ಥಿನಿ, ತುಮಕೂರು)

ಉತ್ತರ: ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ಬಿಳಿ ಒಂದನ್ನು ಷಡ್ಜ ಮಾಡಿಕೊಳ್ಳಿ. ಬಿಳಿ 2, ಕರಿ 2, ಬಿಳಿ 1, ಅದರ ಕೆಳಗಿನ ಬಿಳಿ 7, ಈ ನಾಲ್ಕನ್ನು ನಿಧಾನವಾಗಿ ಒತ್ತಿ. ನಮ್ಮ ಲೆಕ್ಕಕ್ಕೆ ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಷಡ್ಜ, ಮಂದ್ರದ ಕಾಕಲಿ ನಿಷಾದ: ರಿ ಗ ಸ ನಿ. ಜರ್ಮನ್ ಸ್ವರನಾಮಗಳಲ್ಲಿ ಇವು ಡಿ, ಎಸ್, ಸಿ, ಹೆಚ್ ಆಗುತ್ತವೆ, ಅಂದರೆ ದ್ಮಿತ್ರಿ ಶೊಸ್ತಕೋವಿಚ್ ಎಂಬ ಹೆಸರನ್ನು ಜರ್ಮನ್ ರೀತಿಯಲ್ಲಿ ಬರೆದಾಗಿನ ಮೊದಲ ಅಕ್ಷರಗಳು.

ಕೀರವಾಣಿಯಲ್ಲಿ ಈ ನಾಲ್ಕೂ ಸ್ವರಗಳಿವೆ, ಗೌರಿಮನೋಹರಿಯಲ್ಲೂ ಇವೆ. ಆದರೆ ಆ ರಾಗಗಳ ಹಾಗೆ ನುಡಿಸಿದಿರೋ ಕೆಟ್ಟಿತು. ಗಾಂಧಾರ, ನಿಷಾದಗಳಿಗೆ ಗಮಕ ಹಚ್ಚಿದರೆ ರಿ-ಗ ಮತ್ತು ಸ-ನಿ ನಡುವಿನ ಅರ್ಧ ಸ್ಥಾನದ ಇಕ್ಕಟ್ಟು ಸಡಿಲವಾಗುತ್ತದೆ. ಆ ಇಕ್ಕಟ್ಟೇ ಇಲ್ಲಿ ಜೀವ. ಬೆರಳು ಜಾರಿಸದೆ, ಒಂದೊಂದು ಸ್ವರಕ್ಕೂ ಬಿಲ್ಲನ್ನು ಸಮವಾಗಿ ಎಳೆಯಿರಿ.

ಕೇಳಬೇಕಾದ್ದು ಎಂಟನೇ ಸ್ಟ್ರಿಂಗ್ ಕ್ವಾರ್ಟೆಟ್. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊ. ನಿಲ್ಲದೆ ಸಾಗುವ ಐದು ಭಾಗಗಳು. ಸುಮಾರು 20 ನಿಮಿಷ. ತೆರೆಯುವುದೇ ಆ ನಾಲ್ಕು ಸ್ವರಗಳಿಂದ, ಮೊದಲು ಚೆಲ್ಲೊ, ನಂತರ ಒಬ್ಬೊಬ್ಬರಾಗಿ. ಮೊದಲ ಸಲ ಚೆಲ್ಲೊವನ್ನು ಮಾತ್ರ ಹಿಂಬಾಲಿಸಿ. ಎರಡನೇ ಭಾಗದ ಅಬ್ಬರದಲ್ಲಿ ಅದೇ ಸ್ವರಗಳು ಎಲ್ಲಿ ಅಡಗಿವೆ ಎಂದು ಹುಡುಕುವುದು ಆಮೇಲಿನ ಕೆಲಸ.

1960ರ ಜುಲೈಯಲ್ಲಿ, ಯುದ್ಧದಲ್ಲಿ ನೆಲಸಮವಾಗಿದ್ದ ಡ್ರೆಸ್ಡೆನ್ ಹತ್ತಿರದ ಗೋರಿಶ್ ಎಂಬಲ್ಲಿ ಮೂರೇ ದಿನಗಳಲ್ಲಿ ಬರೆದದ್ದು. ಅರ್ಪಣೆ ‘ಫ್ಯಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರಿಗೆ’. ಆದರೆ ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ಇದು ತಮ್ಮದೇ ನೆನಪಿನ ಕೃತಿ ಎಂಬರ್ಥದ ಮಾತಿದೆ. 1936ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆಯ ಲೇಖನದಿಂದ, 1948ರಲ್ಲಿ ಪಕ್ಷದ ನಿರ್ಣಯದಿಂದ ಎರಡು ಸಲ ಬಹಿರಂಗವಾಗಿ ಏಟು ತಿಂದವರು ಅವರು. ನಾಲ್ಕನೇ ಭಾಗದ ಆರಂಭದಲ್ಲಿ ಬರುವ ಮೂರು ಬಿರುಸು ಹೊಡೆತಗಳನ್ನು ಕೆಲವರು ಬಾಂಬು ಎನ್ನುತ್ತಾರೆ, ಕೆಲವರು ರಾತ್ರಿ ಬಾಗಿಲು ತಟ್ಟುವ ಪೊಲೀಸರು ಎನ್ನುತ್ತಾರೆ. ಸ್ವರಲಿಪಿ ಯಾವ ಪಕ್ಷವನ್ನೂ ವಹಿಸುವುದಿಲ್ಲ. ಒಂದನ್ನೇ ಸತ್ಯವೆಂದು ಹಿಡಿದರೆ ಉಳಿದದ್ದು ಕಿವಿಗೆ ಬೀಳುವುದಿಲ್ಲ.

ಪ್ರಶ್ನೆ: ಏಪ್ರಿಲ್ 25ಕ್ಕೆ ವಿದುರಾಶ್ವತ್ಥದ ಹುತಾತ್ಮರ ನೆನಪಿಗೆ ನಮ್ಮ ಶಾಲೆಯ ಸಭಾಂಗಣದಲ್ಲಿ ನಲವತ್ತು ನಿಮಿಷದ ಕಾರ್ಯಕ್ರಮ ಇಟ್ಟಿದ್ದೇವೆ. ಲೆನಿನ್‌ಗ್ರಾದ್ ಸಿಂಫನಿ ಕೇಳಿಸಿ, ಯಹೂದಿ ಮಕ್ಕಳು ಸೆರೆಯಲ್ಲಿ ಆಡಿದ ಆಪೆರಾದ ಒಂದು ಹಾಡನ್ನು ಕನ್ನಡದಲ್ಲಿ ಹಾಡಿಸುವ ಆಸೆ. ಹೋದ ವರ್ಷ ಸ್ಪೀಕರ್ ಬರೀ ಕಿರುಚಿತು. ಏನು ಮಾಡಬೇಕು? (ಪ್ರೌಢಶಾಲಾ ಶಿಕ್ಷಕರು, ಗೌರಿಬಿದನೂರು)

ಉತ್ತರ: ಈ ಸಿಂಫನಿಯೂ ಶೊಸ್ತಕೋವಿಚ್ ಅವರದೇ. ಇಡೀ ಸಿಂಫನಿ 70 ನಿಮಿಷಕ್ಕೂ ಮಿಕ್ಕಿದ್ದು, ಅದರ ಗೊಡವೆ ಬೇಡ. ಮೊದಲ ಭಾಗದಲ್ಲಿ ಸುಮಾರು 6–7 ನಿಮಿಷ ಕಳೆದ ಮೇಲೆ ಸೈಡ್ ಡ್ರಮ್ ಪಿಸುಗುಟ್ಟಿದ ಹಾಗೆ ಶುರುವಾಗುತ್ತದೆ. ಅದರ ಮೇಲೆ ಒಂದೇ ಸರಳ ರಾಗ ಹನ್ನೆರಡು ಸಲ ಬರುತ್ತದೆ, ಪ್ರತಿ ಸಲವೂ ವಾದ್ಯ ಹೆಚ್ಚು, ದನಿ ಜೋರು. ಈ ತುಣುಕು ಹತ್ತು–ಹನ್ನೊಂದು ನಿಮಿಷ. ಮಕ್ಕಳಿಗೆ ಇಷ್ಟು ಸಾಕು. ಬೆರಳು ಮಡಿಸಿ ಎಣಿಸಲು ಹೇಳಿ. ಏಳನೆಯದಕ್ಕೆ ಬರುವಷ್ಟರಲ್ಲಿ ಯಾರೂ ಪಿಸುಮಾತಾಡುವುದಿಲ್ಲ.

ಸ್ಪೀಕರ್ ಕಿರುಚಿದ್ದಕ್ಕೆ ಕಾರಣವೂ ಇಲ್ಲಿಯೇ ಇರಬಹುದು. ಆರಂಭ ಕೇಳಿಸಲಿಲ್ಲವೆಂದು ದನಿ ಏರಿಸುತ್ತಾರೆ, ಎಂಟು ನಿಮಿಷದ ನಂತರ ಅದೇ ದನಿ ಕೋನನ್ನು ಹರಿಯುತ್ತದೆ. ತಿರುವುಮುರುವು ಮಾಡಿ. ಮೊದಲು ತುಣುಕಿನ ಅತಿ ಜೋರಿನ ಭಾಗ ಹಾಕಿ, ಕೊನೆಯ ಸಾಲಿನಲ್ಲಿ ನಿಂತು, ಒಡಕು ಬಾರದ ಮಟ್ಟಕ್ಕೆ ದನಿ ನಿಲ್ಲಿಸಿ. ಆ ಜಾಗಕ್ಕೆ ಬಿಳಿ ಟೇಪಿನ ಗುರುತು ಹಚ್ಚಿ. ಆಮೇಲೆ ಯಾರೂ ಮುಟ್ಟಬಾರದು, ಶಾಮಿಯಾನದವರ ಹುಡುಗನೂ ಸೇರಿ. ಆಗ ಡ್ರಮ್ಮಿನ ಆರಂಭ ಕೇಳಿಸದಿದ್ದರೆ ಫ್ಯಾನ್ ನಿಲ್ಲಿಸಿ, ಮಕ್ಕಳನ್ನು ಮುಂದೆ ಕೂರಿಸಿ. ಏಪ್ರಿಲ್ ಬಿಸಿಲಿಗೆ ಹನ್ನೊಂದು ನಿಮಿಷ ಫ್ಯಾನ್ ಇಲ್ಲದೆ ಕೂರುವುದು ಕಷ್ಟವೇ, ಬೆಳಿಗ್ಗೆ ಒಂಬತ್ತಕ್ಕೆ ಇಟ್ಟುಕೊಂಡರೆ ಆದೀತು. ತಗಡಿನ ಛಾವಣಿಯಾದರೆ ಗೋಡೆಗೆ ಜಮಖಾನೆ ಇಳಿಬಿಡಿ. 12 ಇಂಚಿನ ಎರಡು ಪೆಟ್ಟಿಗೆಗಳು ಸಾಕು. ನೆಲಕ್ಕಿಡದೆ ಐದು ಅಡಿ ಎತ್ತರದಲ್ಲಿಡಿ. ಬ್ಲೂಟೂತ್ ಬೇಡ, ವೈರ್ ಹಾಕಿ. ಹಾಡನ್ನು ಮೊದಲೇ ಇಳಿಸಿಟ್ಟುಕೊಂಡು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ‘ಬಾಸ್ ಬೂಸ್ಟ್’ ತೆಗೆಯಿರಿ. ಜನರೇಟರ್ ಇದ್ದರೆ ಕಟ್ಟಡದ ಹಿಂಬದಿಗೆ.

ಮಕ್ಕಳಿಗೆ ಹೇಳಬೇಕಾದ ಸಂಗತಿ ಇಷ್ಟು. ಲೆನಿನ್‌ಗ್ರಾದ್ ನಗರದ ಮುತ್ತಿಗೆ 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ. ಹಸಿವಿನಿಂದ ಲಕ್ಷಗಟ್ಟಲೆ ಜನ ಸತ್ತರು. ಸಿಂಫನಿಗೆ ಸುಮಾರು ನೂರು ವಾದಕರು ಬೇಕು. ರೇಡಿಯೊ ವಾದ್ಯವೃಂದದ ತಾಲೀಮು ಶುರುವಾದಾಗ ನುಡಿಸಬಲ್ಲವರು ಹದಿನೈದರ ಆಸುಪಾಸು. ಊದುವ ವಾದ್ಯದವರಿಗೆ ಉಸಿರೇ ಇರಲಿಲ್ಲ. ಹೆಚ್ಚುವರಿ ಪಡಿತರ ಕೊಟ್ಟು, ಸೈನ್ಯದಿಂದ ವಾದಕರನ್ನು ಕರೆಸಿ, ಕಾರ್ಲ್ ಎಲಿಯಾಸ್‌ಬರ್ಗ್ ನಿರ್ದೇಶನದಲ್ಲಿ 1942ರ ಆಗಸ್ಟ್ 9ರಂದು ನುಡಿಸಿದರು. ಕಛೇರಿಯ ಹೊತ್ತಿಗೆ ಜರ್ಮನ್ ಫಿರಂಗಿಗಳು ಸದ್ದೆತ್ತದಂತೆ ಸೋವಿಯತ್ ಸೈನ್ಯ ಮೊದಲೇ ಅವುಗಳ ಮೇಲೆ ಗುಂಡಿನ ಮಳೆ ಸುರಿಸಿತ್ತು. ಧ್ವನಿವರ್ಧಕಗಳಲ್ಲಿ ಊರಿಗೆಲ್ಲ, ಶತ್ರುವಿನ ಸಾಲಿಗೂ ಅದು ಕೇಳಿಸಿತು.

ಆಪೆರಾದ ಹೆಸರು ‘ಬ್ರುಂಡಿಬಾರ್’, ಸಂಗೀತ ಹಾನ್ಸ್ ಕ್ರಾಸಾ, ಸಾಹಿತ್ಯ ಅಡಾಲ್ಫ್ ಹೊಫ್‌ಮೈಸ್ಟರ್. ಕಾಯಿಲೆ ಬಿದ್ದ ಅಮ್ಮನಿಗೆ ಹಾಲು ತರಲು ಬೀದಿಯಲ್ಲಿ ಹಾಡುವ ಅಣ್ಣತಂಗಿಯರನ್ನು ಬ್ರುಂಡಿಬಾರ್ ಎಂಬ ವಾದ್ಯಪೆಟ್ಟಿಗೆಯವನು ಓಡಿಸುತ್ತಾನೆ. ನಾಯಿ, ಬೆಕ್ಕು, ಗುಬ್ಬಿ, ಬೀದಿಯ ಮಕ್ಕಳು ಸೇರಿ ಅವನನ್ನು ಸೋಲಿಸುತ್ತಾರೆ. ತೆರೆಜಿನ್ ಶಿಬಿರದಲ್ಲಿ 1943ರ ಸೆಪ್ಟೆಂಬರ್ 23ರಿಂದ 55 ಸಲ ಆಡಲಾಯಿತು. ಆಡಿದ ಮಕ್ಕಳನ್ನು ಆಶ್ವಿಟ್ಜ್ ಎಂಬ ಕೊಲೆಶಿಬಿರಕ್ಕೆ ಸಾಗಿಸಿದಂತೆಲ್ಲ ಆ ಜಾಗಕ್ಕೆ ಬೇರೆ ಮಕ್ಕಳು ಕಲಿತರು. 1944ರ ಜೂನ್ 23ರಂದು ಬಂದ ರೆಡ್ ಕ್ರಾಸ್ ತಂಡದ ಮುಂದೆ ನಾಜಿಗಳು ಇದನ್ನೇ ಆಡಿಸಿ, ಎಲ್ಲ ಚೆನ್ನಾಗಿದೆ ಎಂದು ತೋರಿಸಿದರು. ಇದನ್ನು ಬಿಟ್ಟು ಬರೀ ‘ಮಕ್ಕಳ ಧೈರ್ಯ’ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಎಂಟನೇ ತರಗತಿಯವರಿಗೆ ಇದನ್ನು ತಾಳಿಕೊಳ್ಳುವ ಶಕ್ತಿ ಇದೆ.

ಕನ್ನಡದಲ್ಲಿ ಹಾಡಿಸುವುದಕ್ಕೆ ಕಾನೂನಿನ ತೊಡಕಿದೆ. ಕ್ರಾಸಾ 1944ರಲ್ಲಿ ಕೊಲೆಯಾದರು, ಆದರೆ ಹೊಫ್‌ಮೈಸ್ಟರ್ ತೀರಿಕೊಂಡದ್ದು 1973ರಲ್ಲಿ. ನಮ್ಮ ಕಾಯ್ದೆಯಲ್ಲಿ ಲೇಖಕರ ಮರಣದ ನಂತರ 60 ವರ್ಷ ಹಕ್ಕು ಉಳಿಯುವುದರಿಂದ ಸಾಹಿತ್ಯಕ್ಕೆ 2033ರ ಕೊನೆಯವರೆಗೂ ರಕ್ಷಣೆ ಇದೆ, ಅನುವಾದಕ್ಕೆ ಅನುಮತಿ ಬೇಕು. ಶಾಲೆಯ ಚಟುವಟಿಕೆಯಾಗಿ, ಮಕ್ಕಳು, ಶಿಕ್ಷಕರು, ಪೋಷಕರ ಮುಂದೆ ಮಾತ್ರ ಪ್ರದರ್ಶಿಸಲು, ಧ್ವನಿಮುದ್ರಣ ಕೇಳಿಸಲು ವಿನಾಯಿತಿ ಇದೆ. ಊರ ಬಯಲಿನಲ್ಲಿ ಎಲ್ಲರನ್ನೂ ಕರೆದು ಮಾಡುವುದಾದರೆ ಈ ವಿನಾಯಿತಿಯನ್ನು ನೆಚ್ಚಬೇಡಿ. ನಮ್ಮ ಸಲಹೆ: ಧ್ವನಿಮುದ್ರಣದಿಂದ ಮೂರು ನಿಮಿಷ ಕೇಳಿಸಿ, ಹಾಡಿಸಲು ವಿದುರಾಶ್ವತ್ಥದ ಸುತ್ತಲಿನ ಹಿರಿಯರಿಗೆ ನೆನಪಿರುವ ಸ್ವಾತಂತ್ರ್ಯ ಚಳವಳಿಯ ಲಾವಣಿಯನ್ನು ಆರಿಸಿ. 1938ರ ಗೋಲಿಬಾರಿಗೆ ಜೆಕ್ ಹಾಡಿಗಿಂತ ಅದು ಹತ್ತಿರ.

ಪ್ರಶ್ನೆ: ಆಕಾಶವಾಣಿಯ ಬೆಳಗಿನ ಸಂಕೇತ ರಾಗವನ್ನು ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರು ಮಾಡಿದರಂತೆ, ಹೌದೆ? (ತಿಪಟೂರು)

ಉತ್ತರ: ಸಾಮಾನ್ಯವಾಗಿ ಒಪ್ಪಿಕೊಂಡಿರುವ ಹೆಸರು ವಾಲ್ಟರ್ ಕಾಫ್‌ಮನ್. 1907ರಲ್ಲಿ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ ಯಹೂದಿ. 1934ರಲ್ಲಿ ಮುಂಬಯಿಗೆ ಬಂದರು. ಅಲ್ಲಿನ ರೇಡಿಯೊ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತು, 1946ರಲ್ಲಿ ದೇಶ ಬಿಟ್ಟರು. ಕೆಳಗೆ ತಂಬೂರಿ, ಮೇಲೆ ಪಿಟೀಲು. ರಾಗದಲ್ಲಿ ಶಿವರಂಜನಿಯ ಛಾಯೆ. ದೇಶ ಕಳೆದುಕೊಂಡವರ ಸಂಗೀತವೆಲ್ಲ ಗೋಳಾಟವೇ ಆಗಿರಬೇಕಿಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಬಂದ ಊರಿನ ರಾಗಗಳನ್ನು ಕೂತು ಕಲಿತವರು ಅವರು; ಮುಂದೆ ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿ ಉತ್ತರಾದಿ, ದಕ್ಷಿಣಾದಿ ರಾಗಗಳ ಮೇಲೆ ದಪ್ಪ ದಪ್ಪ ಗ್ರಂಥಗಳನ್ನೇ ಬರೆದರು.

ಪ್ರಶ್ನೆ: ತ್ಯಾಗರಾಜರ ಕಾಲದಲ್ಲಿ ತಂಜಾವೂರಿನ ಸುತ್ತ ಯುದ್ಧ ನಡೆದಿತ್ತು. ನಮ್ಮ ಕೃತಿಗಳಲ್ಲಿ ಅದರ ಸುಳಿವೇ ಇಲ್ಲವೇಕೆ? ಯುದ್ಧದ ಬಗ್ಗೆ ಕಛೇರಿ ಮಾಡಿದರೆ ಶುಭಪಂತುವರಾಳಿಯೇ ಹಾಡಬೇಕೆ? (ಗಾಯನ ವಿದ್ಯಾರ್ಥಿ, ಮುಳಬಾಗಿಲು)

ಉತ್ತರ: 1781ರಲ್ಲಿ ಹೈದರಾಲಿಯ ಸೈನ್ಯ ತಂಜಾವೂರು ಸೀಮೆಗೆ ನುಗ್ಗಿದಾಗ ಶ್ಯಾಮಾಶಾಸ್ತ್ರಿಗಳಿಗೆ ಹತ್ತೊಂಬತ್ತರ ಆಸುಪಾಸು, ತ್ಯಾಗರಾಜರಿಗೆ ಹದಿನಾಲ್ಕು, ದೀಕ್ಷಿತರಿಗೆ ಆರು. ಕೃತಿಯ ಸಾಹಿತ್ಯದಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ. ಕೃತಿ ಎಂಬ ಪ್ರಕಾರ ದೇವರನ್ನು ಉದ್ದೇಶಿಸಿದ್ದು, ವರದಿ ಒಪ್ಪಿಸುವುದು ಅದರ ಕೆಲಸವಲ್ಲ. ಹುಡುಕಬೇಕಾದ್ದು ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದರಲ್ಲಿ. ಶ್ಯಾಮಾಶಾಸ್ತ್ರಿಗಳ ಮನೆತನ ಬಂಗಾರು ಕಾಮಾಕ್ಷಿಯ ಅರ್ಚಕರದು. ಗಲಭೆಯ ಕಾಲದಲ್ಲಿ ಕಂಚಿಯಿಂದ ಆ ವಿಗ್ರಹವನ್ನು ಹೊತ್ತು ಊರೂರು ಅಲೆದು ತಿರುವಾರೂರಿಗೆ ಬಂದರು, ಹೈದರನ ದಾಳಿಯ ಹೊತ್ತಿಗೆ ಅಲ್ಲಿಂದ ತಂಜಾವೂರಿಗೆ ಸಾಗಿಸಿದರು ಎಂದು ಪರಂಪರೆ ಹೇಳುತ್ತದೆ. ಅವರ ಕಾಮಾಕ್ಷಿ ಕೃತಿಗಳನ್ನು ಹಾಡುವಾಗ ಎದುರಿಗಿರುವುದು ಹೀಗೆ ನೆಲೆ ತಪ್ಪಿ ಬಂದ ದೇವತೆ. ದೀಕ್ಷಿತರ ನೊಟ್ಟುಸ್ವರಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ಕಂಪನಿ ಸೈನ್ಯದ ಬ್ಯಾಂಡು ನುಡಿಸುತ್ತಿದ್ದಂಥ ಐರೋಪ್ಯ ಮಟ್ಟುಗಳಿಗೆ ಸಂಸ್ಕೃತದ ದೇವತಾಸ್ತುತಿ ಕೂರಿಸಿದ್ದು ಅವು, ಶಂಕರಾಭರಣದ ಸ್ವರಗಳಲ್ಲಿ, ಗಮಕವಿಲ್ಲದೆ.

ರಾಗದ ಮಾತು: ಒಂದೂವರೆ ಗಂಟೆ ಶುಭಪಂತುವರಾಳಿ, ಮುಖಾರಿ, ಶಿವರಂಜನಿ ಎಂದು ಸಾಲಾಗಿ ಹಾಡಿದರೆ ಮೂರನೆಯದಕ್ಕೆ ಕಿವಿ ಮರಗಟ್ಟುತ್ತದೆ. ಹೀಗೆ ಮಾಡಬಹುದು: ಎರಡು ನೊಟ್ಟುಸ್ವರ, ತಲಾ ಎರಡು–ಮೂರು ನಿಮಿಷ, ಮೃದಂಗದಲ್ಲಿ ಚತುರಶ್ರ ಅಥವಾ ತಿಶ್ರದ ನೇರ ನಡೆ. ಆಮೇಲೆ ಶ್ಯಾಮಾಶಾಸ್ತ್ರಿಗಳ ಆನಂದಭೈರವಿ ವಿಳಂಬದಲ್ಲಿ, ಇಪ್ಪತ್ತೈದು ನಿಮಿಷ ಬಿಡುವಾಗಿ. ನಂತರ ಶ್ರೀಪಾದರಾಜರ ಒಂದು ದೇವರನಾಮ. ಅವರ ಬೃಂದಾವನ ನಿಮ್ಮೂರಲ್ಲೇ ಇದೆ. ಶುಭಪಂತುವರಾಳಿ ಬೇಕೇ ಬೇಕು ಎನಿಸಿದರೆ ತಾಳವಿಲ್ಲದೆ ಐದು ನಿಮಿಷದ ಆಲಾಪನೆ ಸಾಕು. ವಿವರಣೆ ಹೇಳುವುದಾದರೆ ಕೃತಿಗೆ ಮೊದಲು ಹೇಳಿ. ಆನಂದಭೈರವಿ ಮುಗಿದ ಕೂಡಲೇ ಮೈಕು ಹಿಡಿದರೆ ಹಾಡಿದ್ದೆಲ್ಲ ತೊಳೆದುಹೋಗುತ್ತದೆ.

ಪ್ರಶ್ನೆ: ಮಗಳ ಬಲಗೈ ಮುರಿದು ಕಟ್ಟು ಹಾಕಿದ್ದಾರೆ. ಕೀಬೋರ್ಡ್ ಪಾಠ ನಿಲ್ಲಬಾರದು. ಎಡಗೈಗೆಂದೇ ಬರೆದ ಸಂಗೀತ ಯುದ್ಧದಿಂದಾಗಿ ಹುಟ್ಟಿತು ಎಂದು ಓದಿದ್ದೆ. (ಕೆಜಿಎಫ್)

ಉತ್ತರ: ಯುದ್ಧಕ್ಕೆ ಮೊದಲೂ ಒಂದಿಷ್ಟಿತ್ತು, ಆದರೆ ದೊಡ್ಡ ಕೃತಿಗಳು ಹೆಚ್ಚಾಗಿ ಪೌಲ್ ವಿಟ್‌ಗೆನ್‌ಸ್ಟೈನ್ ಎಂಬ ಒಬ್ಬ ಪಿಯಾನೊ ವಾದಕರಿಂದ ಬಂದವು. ತತ್ತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನರ ಅಣ್ಣ. 1914ರಲ್ಲಿ ರಷ್ಯನ್ನರೊಂದಿಗಿನ ಕಾಳಗದಲ್ಲಿ ಗಾಯಗೊಂಡು ಬಲತೋಳು ಕಳೆದುಕೊಂಡರು, ಸೈಬೀರಿಯದಲ್ಲಿ ಸೆರೆಯಾಳಾಗಿದ್ದರು. ಹಿಂತಿರುಗಿ ರವೆಲ್, ಪ್ರೊಕೋಫಿಯೆವ್, ಹಿಂಡೆಮಿಟ್, ಬ್ರಿಟನ್ ಮುಂತಾದ ಸಂಗೀತ ರಚನಕಾರರಿಗೆ ಹಣ ಕೊಟ್ಟು ಎಡಗೈ ಕೃತಿಗಳನ್ನು ಬರೆಸಿದರು. ರವೆಲ್ ಕಾನ್ಚೆರ್ಟೊ 1932ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಯಿತು. ಪ್ರೊಕೋಫಿಯೆವ್ ಬರೆದದ್ದನ್ನು ಅವರು ನುಡಿಸಲೇ ಇಲ್ಲ. ಯಹೂದಿ ಮೂಲದವರಾದ್ದರಿಂದ 1938ರಲ್ಲಿ ವಿಯೆನ್ನಾ ಬಿಟ್ಟು ಅಮೆರಿಕ ಸೇರಬೇಕಾಯಿತು.

ಈ ಕೃತಿಗಳು ನಿಮ್ಮ ಮಗಳಿಗೆ ಈಗ ಎಟುಕುವಂಥವಲ್ಲ, ಆದರೆ ಅವುಗಳ ಉಪಾಯ ಎಟುಕುತ್ತದೆ. ಎಡಗೈಯಲ್ಲಿ ಅತಿ ಮೇಲಿನ ಸ್ವರಕ್ಕೆ ಸಿಗುವುದು ಹೆಬ್ಬೆರಳು, ಬಲವಾದ ಬೆರಳು. ಹಾಡನ್ನು ಹೆಬ್ಬೆರಳಿಗೆ ಕೊಡುತ್ತಾರೆ, ಕೆಳಗಿನ ಸ್ವರವನ್ನು ಕಿರುಬೆರಳು ಒತ್ತಿ ಬಿಡುತ್ತದೆ, ಪೆಡಲ್ ಅದನ್ನು ಹಿಡಿದಿಟ್ಟುಕೊಳ್ಳುವಾಗ ಕೈ ಮೇಲಕ್ಕೆ ಓಡುತ್ತದೆ. ಆದ್ದರಿಂದ ಸಸ್ಟೇನ್ ಪೆಡಲ್ ಇಲ್ಲದ ಕೀಬೋರ್ಡಿನಲ್ಲಿ ಈ ಸಂಗೀತ ನಿಲ್ಲುವುದಿಲ್ಲ. ಹಿಂದುಗಡೆ ಪೆಡಲ್ ತೂತು ಇದೆಯೇ ನೋಡಿ, ಇದ್ದರೆ ಮೊದಲು ಅದನ್ನು ಕೊಳ್ಳಿ. ಕುರ್ಚಿಯನ್ನು ನಾಲ್ಕು ಬೆರಳಷ್ಟು ಬಲಕ್ಕೆ ಸರಿಸಿ, ಇಲ್ಲವಾದರೆ ಮೇಲಿನ ಮನೆಗಳಿಗೆ ಹೋಗುವಾಗ ಮೊಣಕೈ ಹೊಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಮಾಯಾಮಾಳವಗೌಳದ ಸರಳೆ ವರಸೆಯನ್ನು ಹೆಬ್ಬೆರಳು, ತೋರುಬೆರಳಲ್ಲಿ ನುಡಿಸುತ್ತ, ನಾಲ್ಕು ಅಕ್ಷರಕ್ಕೊಮ್ಮೆ ಕಿರುಬೆರಳಲ್ಲಿ ಮಂದ್ರ ಷಡ್ಜ ಒತ್ತಲಿ. ಕಿರುಬೆರಳಿನ ಸ್ವರವೇ ಜೋರಾಗಿ, ಹಾಡು ಮುಳುಗುವುದು ಮೊದಲ ವಾರದ ತೊಂದರೆ. ಆಗ ಕೆಳಗಿನ ಸ್ವರ ಬಿಟ್ಟು ಹೆಬ್ಬೆರಳನ್ನೇ ನಾಲ್ಕು ದಿನ ನುಡಿಸಿ ಮತ್ತೆ ಸೇರಿಸಿ. ಒಂದು ಸಲಕ್ಕೆ ಹತ್ತು ನಿಮಿಷ, ನಡುವೆ ಅಷ್ಟೇ ಬಿಡುವು. ಮಣಿಕಟ್ಟಿನ ಹೊರಬದಿಯಲ್ಲಿ ನೋವು ಕಂಡರೆ ಆ ದಿನದ ಮಟ್ಟಿಗೆ ಕೀಬೋರ್ಡ್ ಮುಚ್ಚಿ. ಬಲಗೈ ಕಟ್ಟಿನಲ್ಲಿರುವಾಗ ಎಡಗೈಯನ್ನೂ ಉಳುಕಿಸಿಕೊಂಡರೆ ಊಟಕ್ಕೂ ಕಷ್ಟ.